ಪ್ರಾಣಿಗಳು ಎಂದಾದರೂ ಕಾರ್ಖಾನೆ ಕಟ್ಟಬಲ್ಲವೇ?

2024ರ ಮಾರ್ಚ್‌ನಲ್ಲಿ ಎರಡು ಅಧ್ಯಯನಗಳು ಹೆಚ್ಚುಕಡಿಮೆ ಒಟ್ಟಿಗೇ ಹೊರಬಂದವು. ಒಂದು ಬಂಬಲ್‌ಬೀ ಎಂಬ ದಪ್ಪ ಜೇನ್ನೊಣದ ಬಗ್ಗೆ, ಇನ್ನೊಂದು ಚಿಂಪಾಂಜಿಗಳ ಬಗ್ಗೆ. ಜೇನ್ನೊಣಗಳ ಮುಂದೆ ಒಂದು ಪುಟ್ಟ ಪೆಟ್ಟಿಗೆ ಇಟ್ಟಿದ್ದರು. ಮೊದಲು ನೀಲಿ ಪಟ್ಟಿ ಸರಿಸಬೇಕು, ಆಮೇಲೆ ಕೆಂಪು ಪಟ್ಟಿ ತಳ್ಳಬೇಕು, ಆಗ ಸಕ್ಕರೆ ನೀರು ಸಿಗುತ್ತದೆ. ನೀಲಿ ಪಟ್ಟಿ ಸರಿಸಿದ್ದಕ್ಕೆ ಮಾತ್ರ ಏನೂ ಸಿಗುವುದಿಲ್ಲ. ಹಾಗಾಗಿ ಒಂದು ನೊಣಕ್ಕೂ ತಾನಾಗಿ ಇದು ಹೊಳೆಯಲಿಲ್ಲ. ಆದರೆ ತರಬೇತಿ ಕೊಟ್ಟ ನೊಣದ ಜೊತೆ ಬಿಟ್ಟಾಗ ಕೆಲವು ನೊಣಗಳು ಅದರಿಂದ ಪೂರ್ತಿ ಕೆಲಸ ಕಲಿತುಬಿಟ್ಟವು. ಜಾಂಬಿಯಾದ ಒಂದು ಆಶ್ರಯಧಾಮದ ಚಿಂಪಾಂಜಿಗಳ ಕಥೆಯೂ ಇದೇ. ಮೂರು ತಿಂಗಳು ಪೆಟ್ಟಿಗೆ ಎದುರಿಗಿದ್ದರೂ ಯಾವುದಕ್ಕೂ ಅದನ್ನು ತೆರೆಯಲು ಆಗಲಿಲ್ಲ. ಗುಂಪಿನ ಒಂದು ಚಿಂಪಾಂಜಿಗೆ ಕಲಿಸಿದ ಮೇಲೆ ಉಳಿದವುಗಳಲ್ಲಿ ಹಲವು ಅದನ್ನು ನೋಡಿ ಕಲಿತವು.

ಒಂಟಿಯಾಗಿ ಹೊಳೆಯದ್ದನ್ನು ಇನ್ನೊಬ್ಬರಿಂದ ಕಲಿಯುವುದು ಮನುಷ್ಯರಿಗೆ ಮಾತ್ರ ಸಾಧ್ಯ ಎಂದು ಅನೇಕ ಸಂಶೋಧಕರು ಹೇಳುತ್ತಾ ಬಂದಿದ್ದರು. ಆ ಗೆರೆ ಈಗ ಅಳಿಸಿದೆ. 1960ರಲ್ಲಿ ಸಂಶೋಧಕಿ ಜೇನ್ ಗುಡಾಲ್ ತಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ ಚಿಂಪಾಂಜಿಯೊಂದು ಹುಲ್ಲುಕಡ್ಡಿಯಿಂದ ಹುತ್ತದೊಳಗಿನ ಗೆದ್ದಲು ಹಿಡಿಯುವುದನ್ನು ಕಂಡಾಗಲೂ ಹೀಗೇ ಆಗಿತ್ತು. ಉಪಕರಣ ಬಳಸುವುದು ಮನುಷ್ಯ ಮಾತ್ರ ಎಂಬ ಮಾತು ಆಗಲೇ ಬಿದ್ದುಹೋಯಿತು.

ಹಾಗಾದರೆ ಮುಂದಿನ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಇಷ್ಟು ಬುದ್ಧಿ ಇರುವ ಜೀವಿಗಳು ಮುಂದೆಂದಾದರೂ ಲೋಹ ಕರಗಿಸಿ, ಯಂತ್ರ ಮಾಡಿ, ಕಾರ್ಖಾನೆ ಕಟ್ಟಬಲ್ಲವೇ? ಈ ಚರ್ಚೆ ಸಾಮಾನ್ಯವಾಗಿ ಮೆದುಳಿನ ಸುತ್ತಲೇ ಸುತ್ತುತ್ತದೆ. ಯಾವ ಪ್ರಾಣಿ ಎಷ್ಟು ಜಾಣ, ಯಾವುದರ ಮೆದುಳು ಎಷ್ಟು ದೊಡ್ಡದು ಅಂತ. ನನ್ನ ಪ್ರಕಾರ ಅಲ್ಲೇ ನಾವು ದಾರಿ ತಪ್ಪುತ್ತೇವೆ. ಬುದ್ಧಿಯ ಕೊರತೆ ಇಲ್ಲಿ ದೊಡ್ಡ ಅಡ್ಡಿಯೇ ಅಲ್ಲ. ಅದಕ್ಕೆ ಸಾಕ್ಷಿ ನಮ್ಮದೇ ಚರಿತ್ರೆಯಲ್ಲಿದೆ.

ನಮ್ಮ ಲೆಕ್ಕವನ್ನೇ ನೋಡೋಣ

ಕೀನ್ಯಾದ ಲೊಮೆಕ್ವಿ ಎಂಬಲ್ಲಿ ಸಿಕ್ಕ ಕಲ್ಲಿನ ಉಪಕರಣಗಳಿಗೆ 33 ಲಕ್ಷ ವರ್ಷ ವಯಸ್ಸು. ಅವನ್ನು ಮಾಡಿದವರು ನಮ್ಮ ಜಾತಿಯವರೂ ಅಲ್ಲ. ಅದಾದ ಮೇಲೆ ಬಂದ ಕೈಗೊಡಲಿಗಳು ಹತ್ತು ಲಕ್ಷ ವರ್ಷಕ್ಕೂ ಹೆಚ್ಚು ಕಾಲ ಹೆಚ್ಚು ಬದಲಾಗದೆ ಉಳಿದವು. ನಮ್ಮ ಜಾತಿ, ಅಂದರೆ ಹೋಮೋ ಸೇಪಿಯನ್ಸ್, ಹುಟ್ಟಿ ಸುಮಾರು 3 ಲಕ್ಷ ವರ್ಷ ಆಗಿದೆ. ಬೇಸಾಯ ಶುರುವಾಗಿ ಸುಮಾರು 12 ಸಾವಿರ ವರ್ಷ. ಇಂಗ್ಲೆಂಡಿನ ಥಾಮಸ್ ನ್ಯೂಕೊಮೆನ್ ಗಣಿಯ ನೀರೆತ್ತಲು ಉಗಿಯಂತ್ರ ನಿಲ್ಲಿಸಿದ್ದು 1712ರಲ್ಲಿ. ಅಂದರೆ ಸಾವಿರ ಪಾಲಿನಲ್ಲಿ 999 ಪಾಲು ಕಾಲ ನಾವೂ ಕಾರ್ಖಾನೆ ಇಲ್ಲದ ಜೀವಿಗಳೇ ಆಗಿದ್ದೆವು. ಆ ಕಾಲದ ಬಹುಪಾಲಿನಲ್ಲಿ ನಮ್ಮ ಮೆದುಳು ಈಗಿನಷ್ಟೇ ದೊಡ್ಡದಾಗಿತ್ತು.

ನಿಯಾಂಡರ್ಥಲ್ ಮನುಷ್ಯರ ಉದಾಹರಣೆ ಇನ್ನೂ ಗಟ್ಟಿ. ಅವರಿಗೆ ಬೆಂಕಿ ಗೊತ್ತಿತ್ತು. ಬರ್ಚ್ ಮರದ ತೊಗಟೆಯನ್ನು ಕಾಯಿಸಿ ಅಂಟು ತೆಗೆಯುತ್ತಿದ್ದರು. ಆ ಅಂಟಿನಿಂದ ಕಲ್ಲಿನ ಮೊನೆಯನ್ನು ಹಿಡಿಗೆ ಕೂರಿಸುತ್ತಿದ್ದರು. ಅವರ ಮೆದುಳು ನಮ್ಮದಕ್ಕಿಂತ ಚಿಕ್ಕದೇನೂ ಅಲ್ಲ. ಲಕ್ಷಾಂತರ ವರ್ಷ ಬದುಕಿ, ಸುಮಾರು 40 ಸಾವಿರ ವರ್ಷಗಳ ಹಿಂದೆ ಮರೆಯಾದರು. ಲೋಹದ ಒಂದು ಚೂರನ್ನೂ ಅವರು ಕರಗಿಸಲಿಲ್ಲ. ಬೇರೆ ಬುದ್ಧಿವಂತ ಜೀವಿ ತಂತ್ರಜ್ಞಾನ ಕಟ್ಟಬಲ್ಲುದೇ ಎಂಬ ಪ್ರಯೋಗ ಈ ಭೂಮಿಯ ಮೇಲೆ ಒಮ್ಮೆ ನಡೆದೇ ಹೋಗಿದೆ ಅನ್ನಬಹುದು. ನಮಗೆ ಅತಿ ಹತ್ತಿರದ ನೆಂಟರೇ ಕಲ್ಲು, ಬೆಂಕಿ, ಅಂಟಿನವರೆಗೆ ಬಂದು ನಿಂತರು.

ಗೊತ್ತಿದ್ದರೂ ಮುಂದೆ ಹೋಗದಿರುವುದು ನಮ್ಮಲ್ಲೂ ಇತ್ತು. ಒಂದನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋ ಎಂಬಾತ ಉಗಿಯಿಂದ ಗರಗರ ತಿರುಗುವ ಗೋಳವನ್ನು ವಿವರಿಸಿದ್ದಾನೆ. ಉಗಿಗೆ ಚಲನೆ ಕೊಡುವ ಶಕ್ತಿ ಇದೆ ಅಂತ ಆಗಲೇ ಗೊತ್ತಿತ್ತು. ಆದರೂ ಅದು ಕೆಲಸಕ್ಕೆ ಬರಲು 1,600 ವರ್ಷಕ್ಕೂ ಜಾಸ್ತಿ ಹಿಡಿಯಿತು. ನ್ಯೂಕೊಮೆನ್ ಕಾಲಕ್ಕೆ ಆಳವಾದ ಕಲ್ಲಿದ್ದಲು ಗಣಿಗಳಿದ್ದವು, ಗಣಿಯಲ್ಲಿ ನೀರು ತುಂಬುವ ತೊಂದರೆ ಇತ್ತು, ಲೋಹ ಎರಕ ಹೊಯ್ಯುವವರಿದ್ದರು, ಹಣ ಹೂಡುವವರಿದ್ದರು. ಇವೆಲ್ಲ ಒಂದೇ ಕಡೆ ಕೂಡಿಬಂದಾಗ ಯಂತ್ರ ಹುಟ್ಟಿತು. ಇದರಲ್ಲಿ ಬುದ್ಧಿ ಒಂದು ಪಾಲು ಅಷ್ಟೇ.

ಕಡಲೊಳಗಿನ ಜಾಣರು

ಈ ವಿಷಯ ಬಂದಾಗ ಎಲ್ಲರೂ ಮೊದಲು ಹೇಳುವುದು ಡಾಲ್ಫಿನ್ ಮತ್ತು ಆಕ್ಟೋಪಸ್. ಎರಡೂ ಬೆರಗು ಹುಟ್ಟಿಸುವ ಜೀವಿಗಳೇ. ಆದರೆ ಕಾರ್ಖಾನೆಯ ದಾರಿಯಲ್ಲಿ ಮೊದಲು ನಿಲ್ಲುವುದೂ ಇವೇ ಎಂಬುದು ನನ್ನ ಅನಿಸಿಕೆ.

ಆಕ್ಟೋಪಸ್‌ಗೆ ಸುಮಾರು 50 ಕೋಟಿ ನರಕೋಶಗಳಿವೆ. ಅದರಲ್ಲಿ ಮೂರನೇ ಎರಡು ಪಾಲು ಇರುವುದು ತೋಳುಗಳಲ್ಲಿ. ಹಿಡಿಯಲು, ತಿರುಗಿಸಲು, ಬಿಚ್ಚಲು ಎಂಟು ತೋಳು. ಇಂಡೊನೇಷ್ಯಾದ ಕಡಲಲ್ಲಿ ಒಂದು ಜಾತಿಯ ಆಕ್ಟೋಪಸ್ ತೆಂಗಿನ ಚಿಪ್ಪುಗಳನ್ನು ಹೊತ್ತು ತಿರುಗಿ, ಅಪಾಯ ಬಂದಾಗ ಅದರೊಳಗೆ ಅಡಗುತ್ತದೆ ಎಂದು 2009ರಲ್ಲಿ ವರದಿಯಾಯಿತು. ಇಷ್ಟೆಲ್ಲ ಇದ್ದರೂ ಅದರ ಆಯಸ್ಸು ತೀರ ಕಡಿಮೆ. ಸಾಮಾನ್ಯ ಆಕ್ಟೋಪಸ್ ಬದುಕುವುದು ಒಂದೆರಡು ವರ್ಷ. ಅತಿ ದೊಡ್ಡ ಜಾತಿಯದ್ದಾದರೆ ಮೂರರಿಂದ ಐದು ವರ್ಷ. ತಾಯಿ ಊಟ ಬಿಟ್ಟು ಮೊಟ್ಟೆ ಕಾಯುತ್ತದೆ, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ಮರಿಗಳಿಗೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಅಮ್ಮ ಕಲಿತದ್ದು ಅಮ್ಮನ ಜೊತೆಗೇ ಹೋಯಿತು. ಪ್ರತಿ ತಲೆಮಾರೂ ಸೊನ್ನೆಯಿಂದ ಶುರು ಮಾಡಬೇಕು.

ಡಾಲ್ಫಿನ್ ಮತ್ತು ತಿಮಿಂಗಿಲಗಳಿಗೆ ಈ ತೊಂದರೆ ಇಲ್ಲ. ಅವು ದಶಕಗಳ ಕಾಲ ಬದುಕುತ್ತವೆ, ಗುಂಪಿನಲ್ಲಿರುತ್ತವೆ, ಕಲಿಯುತ್ತವೆ. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಕೆಲವು ಡಾಲ್ಫಿನ್‌ಗಳು ಮೂತಿಗೆ ಸ್ಪಂಜು ಸಿಕ್ಕಿಸಿಕೊಂಡು ಕಡಲ ತಳವನ್ನು ಕೆದಕುತ್ತವೆ. ಕಲ್ಲು ತಾಗಿ ಮೂತಿ ತರಚಬಾರದು ಅಂತ. ತಾಯಿಯಿಂದ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಈ ವಿದ್ಯೆ ಹೋಗುತ್ತದೆ. ಸ್ಪರ್ಮ್ ತಿಮಿಂಗಿಲದ ಮೆದುಳು ಸುಮಾರು 8 ಕಿಲೋ, ಪ್ರಾಣಿಗಳಲ್ಲೇ ಅತಿ ದೊಡ್ಡದು. ಓರ್ಕಾ ಎಂಬ ದೊಡ್ಡ ಡಾಲ್ಫಿನ್‌ಗಳ ಒಂದೊಂದು ಬಳಗಕ್ಕೂ ತನ್ನದೇ ಕೂಗಿನ ಧಾಟಿ ಇದೆ.

ಆದರೆ ಅವಕ್ಕೆ ಕೈ ಇಲ್ಲ. ಅದಕ್ಕಿಂತ ದೊಡ್ಡದಾಗಿ, ಬೆಂಕಿ ಇಲ್ಲ. ತಾಮ್ರ ಕರಗಲು 1,085 ಡಿಗ್ರಿ ಸೆಲ್ಸಿಯಸ್ ಬೇಕು, ಕಬ್ಬಿಣ ಕರಗಲು 1,538 ಡಿಗ್ರಿ. ಆಳ ಕಡಲಿನ ಬಿಸಿ ಬುಗ್ಗೆಗಳಲ್ಲಿ ಹೆಚ್ಚೆಂದರೆ 400 ಡಿಗ್ರಿ ಆಸುಪಾಸು. ಬೆಂಕಿ ಇಲ್ಲದಿದ್ದರೆ ಲೋಹ ಮಾತ್ರ ತಪ್ಪುವುದಲ್ಲ. ಸುಟ್ಟ ಮಣ್ಣಿನ ಮಡಕೆ, ಗಾಜು, ಸುಣ್ಣ, ಉಗಿಯಂತ್ರ ಎಲ್ಲವೂ ತಪ್ಪುತ್ತವೆ. ನೀರು ಸಿಕ್ಕಸಿಕ್ಕ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ತನ್ನು ಒಂದೆಡೆ ಹಿಡಿದಿಡುವುದೂ ಕಷ್ಟ. ಡಾಲ್ಫಿನ್‌ಗೆ ಎಷ್ಟೇ ಬುದ್ಧಿ ಕೊಡಿ, ಆಕ್ಟೋಪಸ್‌ಗೆ ನೂರು ವರ್ಷ ಆಯಸ್ಸು ಕೊಡಿ, ಈ ಗೋಡೆ ದಾಟುವುದಿಲ್ಲ.

ಬೇರೆ ದಾರಿ ಇಲ್ಲವೇ ಎಂದು ಕೇಳಬಹುದು. ಬೇಕಾದ ಗುಣಗಳಿರುವ ಜೀವಿಗಳನ್ನು ಆರಿಸಿ ಬೆಳೆಸುವುದು, ಅವುಗಳಿಂದಲೇ ಗೂಡು, ಬಲೆ, ಔಷಧ ಪಡೆಯುವುದು. ಸಾಧ್ಯವಿಲ್ಲ ಅನ್ನಲಾರೆ. ಅದೂ ಒಂದು ರೀತಿಯ ತಂತ್ರಜ್ಞಾನವೇ. ಆದರೆ ನಾವು ಕೈಗಾರಿಕೆ ಎಂದು ಕರೆಯುವುದು ಅದರಿಂದ ಹುಟ್ಟುವುದು ನನಗಂತೂ ಕಾಣುತ್ತಿಲ್ಲ.

ಇರುವೆಗಳು ಈ ದಾರಿಯಲ್ಲಿ ನಮಗಿಂತ ಬಹಳ ಮೊದಲೇ ನಡೆದಿವೆ. ಕೆಲವು ಜಾತಿಯ ಇರುವೆಗಳು ಕೋಟ್ಯಂತರ ವರ್ಷಗಳಿಂದ ಶಿಲೀಂಧ್ರ ಬೆಳೆಯುತ್ತಿವೆ. ಎಲೆ ಕತ್ತರಿಸಿ ತರುತ್ತವೆ, ಗೊಬ್ಬರ ಹಾಕುತ್ತವೆ, ಕಳೆ ಕೀಳುತ್ತವೆ. ಕೆಲಸ ಹಂಚಿಕೊಂಡಿವೆ, ಲಕ್ಷಗಟ್ಟಲೆ ಸಂಖ್ಯೆಯಲ್ಲಿವೆ. ಆದರೆ ಈ ವಿದ್ಯೆಯ ಬಹುಪಾಲು ಹುಟ್ಟಿನಿಂದಲೇ ಬಂದದ್ದು. ಹಾಗಾಗಿ ಅದು ಬದಲಾಗುವುದು ವಂಶವಾಹಿಗಳು ಬದಲಾಗುವ ವೇಗದಲ್ಲಿ ಮಾತ್ರ.

ನೆಲದ ಮೇಲೆ ಯಾರಿದ್ದಾರೆ?

ಹಾಗಾಗಿ ನೆಲಕ್ಕೇ ಬರಬೇಕು. ಇಲ್ಲಿ ಪಟ್ಟಿ ಸ್ವಲ್ಪ ಉದ್ದ ಇದೆ, ನನಗೆ ಆಸೆ ಹುಟ್ಟಿಸುವುದೂ ಇದೇ.

ನ್ಯೂ ಕ್ಯಾಲೆಡೋನಿಯಾ ದ್ವೀಪದ ಕಾಗೆಗಳು ಕಡ್ಡಿಗೆ ಕೊಕ್ಕೆ ಮಾಡಿಕೊಂಡು ಮರದ ತೂತಿನೊಳಗಿನ ಹುಳು ಎಳೆಯುತ್ತವೆ. 2002ರಲ್ಲಿ ಆಕ್ಸ್‌ಫರ್ಡ್‌ನ ಪ್ರಯೋಗಾಲಯದಲ್ಲಿ ಬೆಟ್ಟಿ ಎಂಬ ಕಾಗೆ ನೇರ ತಂತಿಯನ್ನು ಬಾಗಿಸಿ ಕೊಕ್ಕೆ ಮಾಡಿದ್ದು ದೊಡ್ಡ ಸುದ್ದಿಯಾಯಿತು. ಸಿಡ್ನಿಯ ಕಾಕಟೂ ಗಿಳಿಗಳು ಮನೆ ಮುಂದಿನ ಕಸದ ತೊಟ್ಟಿಯ ಭಾರದ ಮುಚ್ಚಳ ಎತ್ತುವುದನ್ನು ಕಲಿತವು. ಮೊದಲು ಮೂರು ಬಡಾವಣೆಗಳಲ್ಲಿ ಮಾತ್ರ ಇದು ಕಂಡಿತ್ತು. 2019ರ ಕೊನೆಯ ಹೊತ್ತಿಗೆ 44 ಬಡಾವಣೆಗಳಿಗೆ ಹಬ್ಬಿತ್ತು. ಒಂದು ಗಿಳಿಯನ್ನು ನೋಡಿ ಇನ್ನೊಂದು ಕಲಿಯುತ್ತಾ ಹೋದ ಪರಿ ಅದು.

ಆದರೆ ಹಕ್ಕಿಗಳ ದೊಡ್ಡ ತೊಡಕು ಅವುಗಳ ಗಾತ್ರ. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬೆಂಕಿಯನ್ನು ಬೇಕಾದಷ್ಟು ಚಿಕ್ಕದು ಮಾಡಲಾಗದು. ಸಣ್ಣ ಉರಿ ತನ್ನ ಬಿಸಿಯನ್ನೆಲ್ಲ ಸುತ್ತಲಿಗೆ ಬಿಟ್ಟುಕೊಟ್ಟು ಆರಿಹೋಗುತ್ತದೆ. ಅದಿರು ಕರಗುವಷ್ಟು ಬಿಸಿ ನಿಲ್ಲಬೇಕಾದರೆ ಕುಲುಮೆಗೆ ಒಂದಷ್ಟು ಗಾತ್ರ ಬೇಕೇ ಬೇಕು. ಕೆಲವೇ ನೂರು ಗ್ರಾಂ ತೂಗುವ ಕಾಗೆ ಆ ಕುಲುಮೆಗೆ ಸೌದೆ ಹೊರುವುದು, ಗಾಳಿ ಊದುವುದು, ಕಾದ ಲೋಹ ಬಡಿಯುವುದು ಹೇಗೆ? ಇರುವೆಗಳಿಗೂ ಇದೇ ಮಾತು. ಹಾರಲು ಹಗುರ ಇರಬೇಕು, ಕಮ್ಮಾರಿಕೆಗೆ ಭಾರ ಬೇಕು. ಹಕ್ಕಿ ಹಾರುವುದನ್ನು ಬಿಟ್ಟು ದೊಡ್ಡದಾಗಿ ಬೆಳೆದರೆ ಬೇರೆ ಮಾತು.

ಆನೆಗೆ ಗಾತ್ರದ ಚಿಂತೆ ಇಲ್ಲ. ನರಕೋಶಗಳ ಲೆಕ್ಕದಲ್ಲಿ ನಮ್ಮದು ಸುಮಾರು 8,600 ಕೋಟಿ, ಆಫ್ರಿಕಾದ ಆನೆಯದು 25,700 ಕೋಟಿ. ಆದರೆ ಅದರಲ್ಲಿ ಬಹುಪಾಲು ಮುಖ್ಯವಾಗಿ ಮೈಯ ಚಲನೆ ನೋಡಿಕೊಳ್ಳುವ ಕಿರುಮೆದುಳಿನಲ್ಲಿದೆ. ಸೊಂಡಿಲು ಒಂದೇ ಆದರೂ ಮರ ಎಳೆಯುತ್ತದೆ, ಹುಲ್ಲಿನ ಎಸಳನ್ನೂ ಎತ್ತುತ್ತದೆ. ನೆನಪಂತೂ ಗಟ್ಟಿ. 1993ರಲ್ಲಿ ತಾಂಜಾನಿಯಾದ ತರಂಗಿರೆ ರಾಷ್ಟ್ರೀಯ ಉದ್ಯಾನದಲ್ಲಿ ಭಾರೀ ಬರ ಬಂತು. ಹಳೆಯ ಬರ ಕಂಡಿರಬಹುದಾದ ಮುದಿ ಹೆಣ್ಣಾನೆಗಳಿದ್ದ ಹಿಂಡುಗಳು ಉದ್ಯಾನ ಬಿಟ್ಟು ಹೊರಗೆ ಹೋದವು. ಅವುಗಳಲ್ಲಿ ಸತ್ತ ಮರಿಗಳ ಸಂಖ್ಯೆ ಕಡಿಮೆ. ಹಿರಿಯರ ತಿಳಿವಳಿಕೆ ಜೀವ ಉಳಿಸುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ಸಿಗುವುದು ಕಷ್ಟ. ಆದರೆ ಆನೆ ದಿನದ ಬಹುಪಾಲು ಹೊತ್ತು ಮೇಯುತ್ತಲೇ ಇರಬೇಕು. ಉಪಕರಣ ಮಾಡಿ ಅದು ಪಡೆಯಬೇಕಾದ ಆಹಾರವೂ ಅಷ್ಟಿಲ್ಲ.

ಉಳಿದದ್ದು ಚಿಂಪಾಂಜಿಯಂಥ ಬಾಲವಿಲ್ಲದ ವಾನರರು ಮತ್ತು ಮಂಗಗಳು. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನ ‘ತಾಯಿ’ (Taï) ಎಂಬ ಹೆಸರಿನ ಕಾಡಿನಲ್ಲಿ ಚಿಂಪಾಂಜಿಗಳು ಕಲ್ಲಿನಿಂದ ಗಟ್ಟಿ ಕಾಯಿ ಒಡೆಯುತ್ತವೆ. ಅಲ್ಲಿ ನೆಲ ಅಗೆದಾಗ 4,300 ವರ್ಷ ಹಳೆಯ ಚಿಂಪಾಂಜಿ ಕಲ್ಲುಗಳು ಸಿಕ್ಕವು. ಬ್ರೆಜಿಲ್‌ನ ಸೆರಾ ದ ಕಾಪಿವಾರಾದಲ್ಲಿ ಕಾಪುಚಿನ್ ಮಂಗಗಳು ಬಳಸಿದ 3,000 ವರ್ಷ ಹಿಂದಿನ ಕಲ್ಲುಗಳು ಸಿಕ್ಕಿವೆ. ಕಾಲಕಾಲಕ್ಕೆ ಆ ಕಲ್ಲುಗಳ ಗಾತ್ರ ಬದಲಾಗಿದೆ. ಬಹುಶಃ ತಿನ್ನುವ ಕಾಯಿ ಬದಲಾದಂತೆ ಕಲ್ಲೂ ಬದಲಾಯಿತು. ಮಂಗಗಳಿಗೂ ಪುರಾತತ್ವ ಇದೆ ಅನ್ನುವುದೇ ಎಷ್ಟು ಸೊಗಸಾದ ಸಂಗತಿ ಅಲ್ವಾ! ಆದರೆ 3,000 ವರ್ಷದಲ್ಲಿ ಕಲ್ಲು ಬದಲಾಯಿತೇ ಹೊರತು ಕಲ್ಲಿನ ಮೇಲೆ ಹೊಸದೊಂದು ಉಪಾಯ ಕೂಡಿಕೊಳ್ಳಲಿಲ್ಲ.

ಬೆಂಕಿಯ ವಿಷಯದಲ್ಲೂ ಕೆಲವು ಹತ್ತಿರ ಬಂದಿವೆ. ಸೆನೆಗಲ್‌ನ ಫೊಂಗೊಲಿ ಎಂಬಲ್ಲಿನ ಚಿಂಪಾಂಜಿಗಳು ಕಾಳ್ಗಿಚ್ಚು ಕಂಡರೆ ಗಾಬರಿಯಾಗಿ ಓಡುವುದಿಲ್ಲ. ಬೆಂಕಿ ಯಾವ ಕಡೆ ಸಾಗುತ್ತದೆ ಎಂದು ನೋಡಿ ನಿಧಾನವಾಗಿ ಸರಿಯುತ್ತವೆ. ಉತ್ತರ ಆಸ್ಟ್ರೇಲಿಯಾದ ಕೆಲವು ಹದ್ದುಗಳು ಉರಿಯುವ ಕಡ್ಡಿ ಎತ್ತಿಕೊಂಡು ಹೋಗಿ ಬೇರೆ ಕಡೆ ಹಾಕಿ, ಓಡಿಬರುವ ಬೇಟೆ ಹಿಡಿಯುತ್ತವೆ ಎಂದು ಅಲ್ಲಿನ ಮೂಲನಿವಾಸಿಗಳು ಬಹಳ ಕಾಲದಿಂದ ಹೇಳುತ್ತಾರೆ. 2017ರಲ್ಲಿ ಅವರ ಮಾತುಗಳನ್ನು ಸೇರಿಸಿದ ಸಂಶೋಧನಾ ಲೇಖನವೂ ಬಂತು. ಅಮೆರಿಕದಲ್ಲಿ ಮನುಷ್ಯರ ನಡುವೆ ಬೆಳೆದ ಕಾಂಜಿ ಎಂಬ ಬೊನೊಬೊ (ಚಿಂಪಾಂಜಿಯ ಹತ್ತಿರದ ನೆಂಟ) ಕಡ್ಡಿ ಗೀರಿ ಬೆಂಕಿ ಹಚ್ಚುತ್ತಿತ್ತು, ಕಲ್ಲಿನಿಂದ ಚೂಪು ಚಕ್ಕೆ ಎಬ್ಬಿಸುವುದನ್ನೂ ಕಲಿತಿತ್ತು. 2025ರಲ್ಲಿ ಅದು ತೀರಿಕೊಂಡಿತು. ಕಾಂಜಿ ಬೆಂಕಿಯನ್ನು ಸಂಭಾಳಿಸಿತು ನಿಜ. ಆದರೆ ಬೆಂಕಿಪೆಟ್ಟಿಗೆ ಮನುಷ್ಯರು ಕೊಟ್ಟದ್ದು. ಆ ಪೆಟ್ಟಿಗೆಯ ಹಿಂದೆ ಗಣಿ, ರಸಾಯನ, ಕಾಗದ, ಸಾಗಣೆ ಎಲ್ಲ ಇವೆ.

ಕೂಡಿಡುವ ಕಲೆ

ಇಲ್ಲಿ ನಿಜವಾದ ಗಂಟು ಸಿಗುತ್ತದೆ. ಒಬ್ಬರು ಕಂಡುಕೊಂಡದ್ದನ್ನು ಇನ್ನೊಬ್ಬರು ಕಲಿಯಬೇಕು. ಮುಂದಿನವರು ಅದರ ಮೇಲೆ ಸ್ವಲ್ಪ ಸೇರಿಸಬೇಕು. ಸೇರಿಸಿದ್ದು ಕಳೆದುಹೋಗಬಾರದು. ಇದು ನೂರಾರು ತಲೆಮಾರು ನಿಲ್ಲದೆ ನಡೆಯಬೇಕು. ಜೇನ್ನೊಣ ಮತ್ತು ಚಿಂಪಾಂಜಿಗಳ ಹೊಸ ಅಧ್ಯಯನಗಳು ತೋರಿಸಿರುವುದು ಮೊದಲ ಹೆಜ್ಜೆ. ನೋಡಿ ಕಲಿಯುವ ಶಕ್ತಿ ಇದೆ. ಆದರೆ ಎರಡೂ ಕಡೆ ಮೊದಲು ಕಲಿಸಿದ್ದು ಮನುಷ್ಯರು ಎಂಬುದನ್ನು ಮರೆಯಬಾರದು. ಕಾಡಿನಲ್ಲಿ ಆ ಕಷ್ಟದ ಉಪಾಯ ತಾನಾಗಿ ಹುಟ್ಟಬೇಕು, ಹುಟ್ಟಿದ ಮೇಲೆ ಉಳಿಯಬೇಕು.

ಉಳಿಯಲು ಜನ ಬೇಕು. ನಾಲ್ಕೈದು ಡಜನ್ ಜೀವಿಗಳಿರುವ ಗುಂಪಿನಲ್ಲಿ ಒಂದು ವಿದ್ಯೆ ಬಲ್ಲವರು ಇಬ್ಬರೋ ಮೂವರೋ ಇರುತ್ತಾರೆ. ಒಂದು ರೋಗ ಬಂದರೆ ಸಾಕು, ಆ ವಿದ್ಯೆ ಮುಗಿಯಿತು. ಗುಂಪುಗಳ ನಡುವೆ ಕೊಡುಕೊಳ್ಳುವಿಕೆ ಇದ್ದರೆ ಕಳೆದದ್ದು ಪಕ್ಕದವರಿಂದ ಮರಳಿ ಬರುತ್ತದೆ. ಆದರೆ ಗಂಡು ಚಿಂಪಾಂಜಿಗಳು ಪಕ್ಕದ ಗುಂಪಿನವರನ್ನು ಕಂಡರೆ ಕೊಲ್ಲಲೂ ಹೇಸುವುದಿಲ್ಲ. ಪ್ರಾಯಕ್ಕೆ ಬಂದ ಹೆಣ್ಣುಗಳು ಗುಂಪು ಬದಲಿಸುವಾಗ ಒಂದಷ್ಟು ತಿಳಿವಳಿಕೆ ಸಾಗಬಹುದು, ಅಷ್ಟೇ. ನಾವು ಅಪರಿಚಿತರ ಜೊತೆ ವ್ಯಾಪಾರ ಮಾಡಿದೆವು. ಮಾತಿನಲ್ಲಿ ವಿವರಿಸಿದೆವು, ಬರೆದಿಟ್ಟೆವು. ಹೊಟ್ಟೆಗೆ ಮೀರಿ ಬೆಳೆದು, ಕೆಲವರು ಬೇಸಾಯ ಬಿಟ್ಟು ಕಮ್ಮಾರರಾಗಿ, ಕುಂಬಾರರಾಗಿ ಬದುಕುವಂತೆ ಮಾಡಿದೆವು. ಮೆದುಳಿಗಿಂತ ಈ ಏರ್ಪಾಡೇ ಅಪರೂಪದ್ದು ಎಂದು ನನಗೆ ಅನಿಸುತ್ತದೆ.

ಕಾಲ ಇದೆ, ಜಾಗ ಇದೆಯೇ?

ತತ್ವಕ್ಕೆ ಹೇಳಬೇಕೆಂದರೆ ನನ್ನ ಉತ್ತರ ಹೌದು. ನಾವೂ ಚಿಂಪಾಂಜಿಗಳೂ ಒಂದೇ ಪೂರ್ವಜರಿಂದ ಬೇರೆಯಾಗಿ 60ರಿಂದ 70 ಲಕ್ಷ ವರ್ಷ ಆಗಿರಬಹುದು. ಭೂಮಿಯ ಮೇಲೆ ಸಂಕೀರ್ಣ ಜೀವಿಗಳು ಬಾಳಲು ಇನ್ನೂ ಕೋಟ್ಯಂತರ ವರ್ಷ ಬಾಕಿ ಇದೆ. ನೆಲದ ಮೇಲಿರುವ, ಹಿಡಿಯುವ ಅಂಗ ಇರುವ, ಗುಂಪಿನಲ್ಲಿ ಬಾಳುವ ಇನ್ನೊಂದು ವಂಶಕ್ಕೆ ಕಾಲದ ಕೊರತೆ ಇಲ್ಲ. ಅದು ಇಂದಿನ ಚಿಂಪಾಂಜಿ ಆಗಿರುವುದಿಲ್ಲ, ಅದರ ಬಹುದೂರದ ಸಂತತಿ ಆಗಿರಬಹುದು, ಅಥವಾ ನಾವು ಊಹಿಸದ ಯಾವುದೋ ಆಗಿರಬಹುದು. ಆದರೆ ವಿಕಾಸಕ್ಕೆ ಗುರಿ ಇಲ್ಲ. ಕಣ್ಣು ಬೇರೆ ಬೇರೆ ವಂಶಗಳಲ್ಲಿ ಹಲವು ಬಾರಿ ವಿಕಾಸವಾಗಿದೆ. ಕೈಗಾರಿಕೆ ಒಂದೇ ಬಾರಿ.

ನಮಗಿಂತ ಮೊದಲೇ ಯಾರಾದರೂ ಕಟ್ಟಿದ್ದರೇ? 2018ರಲ್ಲಿ ಗ್ಯಾವಿನ್ ಶ್ಮಿಟ್ ಮತ್ತು ಆಡಂ ಫ್ರಾಂಕ್ ಎಂಬ ವಿಜ್ಞಾನಿಗಳು ಇದನ್ನು ಗಂಭೀರವಾಗಿಯೇ ಕೇಳಿದರು. ಕೋಟ್ಯಂತರ ವರ್ಷ ಕಳೆದರೆ ನಗರಗಳು ಉಳಿಯುವುದಿಲ್ಲ, ಆದರೆ ಮಣ್ಣಿನ ಪದರಗಳಲ್ಲಿ ಇಂಗಾಲದ, ಕೃತಕ ರಾಸಾಯನಿಕಗಳ ಗುರುತು ಉಳಿಯಬಹುದು ಎಂದರು. ಅಂಥವರು ಇದ್ದರು ಎಂದು ಅವರಿಬ್ಬರೂ ನಂಬುವುದಿಲ್ಲ. ಇದ್ದರೆ ಹುಡುಕುವುದು ಹೇಗೆ ಎಂಬುದಷ್ಟೇ ಅವರ ಪ್ರಶ್ನೆ.

ಮುಂದೆ ಬರುವವರಿಗೆ ಇಂಧನದ ತೊಂದರೆಯೂ ಇದೆ. ಕಲ್ಲಿದ್ದಲಿನ ದೊಡ್ಡ ಪಾಲು ಸುಮಾರು 30 ಕೋಟಿ ವರ್ಷಗಳ ಹಿಂದಿನ ಕಾಡುಗಳದ್ದು. ಮೇಲ್ಪದರದಲ್ಲಿ ಸುಲಭವಾಗಿ ಸಿಗುವುದನ್ನು ನಾವೇ ಅಗೆದು ಸುಟ್ಟಿದ್ದೇವೆ. ಲೋಹಕ್ಕೆ ಅಷ್ಟು ಕಷ್ಟ ಆಗಲಿಕ್ಕಿಲ್ಲ, ಬೇಗ ಬಂದರೆ ನಮ್ಮ ಹಾಳು ನಗರಗಳೇ ಅವರಿಗೆ ಗಣಿ. ಮರದ ಇದ್ದಿಲಿನಿಂದ ಕಬ್ಬಿಣದವರೆಗೆ ಬರಬಹುದು. ಅಲ್ಲಿಂದ ಮುಂದಕ್ಕೆ ಹೆಜ್ಜೆ ಇಡುವುದು ನಮಗಿಂತ ಅವರಿಗೆ ಕಷ್ಟ.

ಇವೆಲ್ಲ ದೂರದ ಮಾತು. ಇವತ್ತಿನ ಮಟ್ಟಿಗೆ ದಾರಿಗೆ ಅಡ್ಡ ನಿಂತಿರುವುದು ನಾವು. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 144 ಚಿಂಪಾಂಜಿ ಸಮುದಾಯಗಳಲ್ಲಿ 31 ಬಗೆಯ ನಡವಳಿಕೆಗಳನ್ನು ನೋಡಿತು. ಕಾಯಿ ಒಡೆಯುವುದು, ಗೆದ್ದಲು ಹಿಡಿಯುವುದು, ಜೇನು ತೆಗೆಯುವುದು, ಇಂಥವು. ಮನುಷ್ಯರ ಹಾವಳಿ ಅತಿ ಹೆಚ್ಚು ಇರುವ ಕಡೆ ಈ ನಡವಳಿಕೆಗಳು ಕಾಣುವ ಸಾಧ್ಯತೆ ಸರಾಸರಿ ಶೇ 88ರಷ್ಟು ಕಡಿಮೆ ಇತ್ತು. ಇದನ್ನು ಓದಿದಾಗ ಎದೆಗೆ ಚುಚ್ಚಿದಂತಾಯಿತು. ಸಾವಿರಾರು ವರ್ಷ ತಲೆಮಾರಿಂದ ತಲೆಮಾರಿಗೆ ಬಂದ ವಿದ್ಯೆಗಳು ನಮ್ಮ ಕಣ್ಣೆದುರೇ ಇಲ್ಲವಾಗುತ್ತಿವೆ. ಕಾಡು ತುಂಡಾದರೆ ಗುಂಪು ಚಿಕ್ಕದಾಗುತ್ತದೆ. ಗುಂಪು ಚಿಕ್ಕದಾದರೆ ಬಲ್ಲವರು ಕಡಿಮೆಯಾಗುತ್ತಾರೆ. ಪ್ರಾಣಿ ಉಳಿದರೂ ಅದು ಬಲ್ಲ ವಿದ್ಯೆ ಉಳಿಯದೆ ಹೋಗಬಹುದು.

ಸಂರಕ್ಷಣೆ ಎಂದರೆ ಬಹುಕಾಲ ತಲೆ ಎಣಿಸುವುದೇ ಆಗಿತ್ತು. ಈಗ ಸ್ವಲ್ಪ ಬದಲಾಗುತ್ತಿದೆ. ವಲಸೆ ಪ್ರಾಣಿಗಳ ರಕ್ಷಣೆಗಿರುವ ಅಂತರರಾಷ್ಟ್ರೀಯ ಒಪ್ಪಂದದ ದೇಶಗಳು 2014ರಲ್ಲಿ ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಸಂಸ್ಕೃತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ನಿರ್ಣಯ ಮಾಡಿದವು. ಚಿಂಪಾಂಜಿಗಳ ಅಧ್ಯಯನ ನಡೆಸಿದವರು ಅವುಗಳಿಗೆ ಸಾಂಸ್ಕೃತಿಕ ಪರಂಪರೆಯ ತಾಣಗಳನ್ನು ಗುರುತಿಸಿ ಕಾಯಬೇಕು ಎಂಬ ಸಲಹೆ ಮುಂದಿಟ್ಟಿದ್ದಾರೆ. ಅಂಥ ತಾಣಕ್ಕೆ ಬೇಕಾಗುವುದು ಕಾಯಿ ಬಿಡುವ ಮರಗಳು, ಒಡೆಯಲು ಕಲ್ಲು, ಒಂದು ಗುಂಪಿನಿಂದ ಇನ್ನೊಂದಕ್ಕೆ ಹೆಣ್ಣುಗಳು ಹೋಗಿಬರುವಷ್ಟು ಕಾಡು, ಮತ್ತು ಮರಿಗಳಿಗೆ ಕಲಿಸುವ ಹೊತ್ತಿನವರೆಗೆ ಬೇಟೆಗೆ ಸಿಕ್ಕದೆ ಉಳಿದ ತಾಯಂದಿರು.